ಈರುಳ್ಳಿ ಲೋಡಿಗೆ ಮೊದಲು ರೇಡಿಯೇಟರ್

ನನ್ನ ಪಿಕಪ್ 2006ರ ಮಾಡೆಲ್, ಟಾಟಾ 207. 2013ರಲ್ಲಿ ಹೊಸದುರ್ಗದ ಕಡೆಯವರೊಬ್ಬರ ಕೈಯಿಂದ ಕೊಂಡದ್ದು. ಭರಮಸಾಗರದ ಹತ್ತಿರ ನಮ್ಮ ಊರು. ವರ್ಷದ ಹೆಚ್ಚು ಕಾಲ ಅದಕ್ಕೆ ಹತ್ತಿರದ ಓಡಾಟವೇ: ದಾವಣಗೆರೆ ಎಪಿಎಂಸಿಗೆ ಮೆಕ್ಕೆಜೋಳ, ಭೀಮಸಮುದ್ರಕ್ಕೆ ನೆಂಟರ ಅಡಿಕೆ, ಮನೆಗೆ ಹುಲ್ಲು, ಗೊಬ್ಬರ. ಈರುಳ್ಳಿ ಕೀಳಲು ಶುರುವಾದಾಗ ಮಾತ್ರ ಅದರ ನಿಜವಾದ ಶಕ್ತಿ ಗೊತ್ತಾಗುತ್ತದೆ. ಸಂಜೆ ಐವತ್ತು ಕೆ.ಜಿ.ಯ ಇಪ್ಪತ್ತೈದು ಚೀಲ ಹೇರಿ ಹೊರಟರೆ ಚಿತ್ರದುರ್ಗ, ಹಿರಿಯೂರು, ಶಿರಾ, ತುಮಕೂರು ದಾಟಿ ಬೆಳಗಿನ ಜಾವಕ್ಕೆ ಯಶವಂತಪುರ ಮುಟ್ಟಬೇಕು. ಒಂದು ದಿನ ತಡವಾದರೆ ದರ ಬೇರೆಯಾಗಿರುತ್ತದೆ. ದಾರಿಯಲ್ಲಿ ನಿಂತರೆ ಚೀಲದೊಳಗಿನ ಗಡ್ಡೆ ಬೆವರುತ್ತದೆ.

ಈ ವರ್ಷ ಏಪ್ರಿಲ್‌ನಿಂದಲೇ ಗಾಡಿಯ ಶಾಖದ ಮುಳ್ಳು ಮೇಲಕ್ಕೆ ಏರತೊಡಗಿತ್ತು. ಖಾಲಿ ಓಡಿಸಿದರೆ ಏನೂ ಇಲ್ಲ. ಮೆಕ್ಕೆಜೋಳ ಹೇರಿ, ಮಧ್ಯಾಹ್ನದ ಬಿಸಿಲಿನಲ್ಲಿ ಎಪಿಎಂಸಿ ಗೇಟಿನ ಸಾಲಿನಲ್ಲಿ ಅರ್ಧ ಗಂಟೆ ನಿಂತರೆ ಮುಳ್ಳು ಕೆಂಪು ಗೆರೆಯ ಅಂಚಿಗೆ ಬರುತ್ತಿತ್ತು. ದಿನಕ್ಕೆ ಒಂದು ಲೀಟರು ನೀರು ಕುಡಿಯುತ್ತಿತ್ತು. ಸೀಟಿನ ಹಿಂದೆ ಐದು ಲೀಟರಿನ ಎರಡು ಕ್ಯಾನ್ ನೀರು ಇಟ್ಟುಕೊಂಡೇ ಓಡಾಡಿದೆ. 2022ರಲ್ಲಿ ಮಾರಿಕಣಿವೆ ಅಣೆಕಟ್ಟು 1933ರ ನಂತರ ಮೊದಲ ಸಲ ಕೋಡಿ ಬಿದ್ದಾಗ ಅವ್ವನನ್ನೂ ಹೆಂಡತಿಯನ್ನೂ ಇದೇ ಗಾಡಿಯ ಮುಂದಿನ ಸೀಟಿನಲ್ಲಿ ಕೂರಿಸಿಕೊಂಡು ಹೋಗಿದ್ದೆ. ದಾರಿಯುದ್ದಕ್ಕೂ ಮುಳ್ಳು ಅಲುಗಲಿಲ್ಲ, ಗಾಡಿ ಗಟ್ಟಿಯಾಗಿದೆ ಎಂದೇ ತಿಳಿದೆ. ರೋಗ ಆಗಲೇ ಹಿಡಿದಿತ್ತು ಎಂದು ಈಗ ಅನ್ನಿಸುತ್ತದೆ. ಖಾಲಿ ಗಾಡಿ ತನ್ನ ಕಾಯಿಲೆಯನ್ನು ಹೇಳುವುದಿಲ್ಲ.

ಕಳೆದ ಅಕ್ಟೋಬರಿನಲ್ಲಿ ಶಿರಾ ದಾಟಿದ ಮೇಲೆ, ಎಂಜಿನ್ನಿನ ಬಿಸಿ ನೀರನ್ನು ತಣಿಸುವ ರೇಡಿಯೇಟರ್ ಕೆಳಗೆ ಸೋರಲು ಹತ್ತಿತ್ತು. ಪಕ್ಕದಲ್ಲಿ ನಿಲ್ಲಿಸಿದ್ದ ಲಾರಿಯ ಚಾಲಕರು ಹೇಳಿದಂತೆ ಅಂಗಡಿಯಿಂದ ಅರಿಶಿನದ ಪುಡಿ ತಂದು ಒಳಗೆ ಹಾಕಿದೆ. ಸೋರಿಕೆ ನಿಂತಿತು, ಮಾರುಕಟ್ಟೆ ಮುಟ್ಟಿದೆ, ಅದಕ್ಕೆ ಅವರಿಗೆ ಋಣಿ. ಆದರೆ ಊರಿಗೆ ಬಂದ ಮೇಲೆ ಅದನ್ನು ತೊಳೆಸಬೇಕಿತ್ತು. ತೊಳೆಸಲಿಲ್ಲ. ಅದರ ಲೆಕ್ಕ ಈ ಜುಲೈಯಲ್ಲಿ ಕಣ್ಣಿಗೆ ಬಿತ್ತು.

ದಾವಣಗೆರೆಯ ಪಿ.ಬಿ. ರಸ್ತೆಯ ಕಡೆ ರೇಡಿಯೇಟರ್ ಕೆಲಸವನ್ನೇ ಮಾಡುವ ಮೇಸ್ತ್ರಿಯೊಬ್ಬರಿದ್ದಾರೆ. ಅರವತ್ತು ದಾಟಿದವರು. ಗಾಡಿ ನಿಲ್ಲಿಸಿದ ತಕ್ಷಣ ಅವರು ರೇಡಿಯೇಟರ್ ಮುಟ್ಟಲಿಲ್ಲ. ಫ್ಯಾನ್ ಬೆಲ್ಟನ್ನು ಹೆಬ್ಬೆರಳಿನಿಂದ ಒತ್ತಿ ನೋಡಿದರು. ವಾಟರ್ ಪಂಪಿನ ಕೆಳಗೆ ಬೆರಳಾಡಿಸಿ ತೇವ ಇದೆಯೇ ನೋಡಿದರು. ಎಂಜಿನ್ ತಣ್ಣಗಿರುವಾಗ ಮುಚ್ಚಳ ತೆಗೆಸಿ, ಗಾಡಿ ಚಾಲೂ ಮಾಡಿಸಿ, ನೀರಿನಲ್ಲಿ ಗುಳ್ಳೆ ಏಳುತ್ತದೆಯೇ ಎಂದು ಎರಡು ನಿಮಿಷ ದಿಟ್ಟಿಸಿದರು. ಗುಳ್ಳೆ ಎದ್ದರೆ ಎಂಜಿನ್ನಿನ ತಲೆಗೂ ಬ್ಲಾಕಿಗೂ ನಡುವಿನ ಹೆಡ್ ಗ್ಯಾಸ್ಕೆಟ್ ಹೋಗಿದೆ ಎಂದು ಅನುಮಾನ, ಆಗ ಎಷ್ಟು ಒಳ್ಳೆಯ ರೇಡಿಯೇಟರ್ ಹಾಕಿದರೂ ದಂಡ. ಗುಳ್ಳೆ ಏಳಲಿಲ್ಲ. ಆಮೇಲೆ ಎಂಜಿನ್ ಪೂರ್ತಿ ಬಿಸಿಯಾಗಲು ಬಿಟ್ಟು, ಬಂದ್ ಮಾಡಿಸಿ, ಮುಂದಿನ ಜಾಲರಿಯೊಳಗೆ ಕೈ ಹಾಕಿ ರೇಡಿಯೇಟರಿನ ಮೈ ಸವರಿದರು. ಜ್ವರ ಬಂದ ಮಗುವಿನ ಹಣೆ ಮುಟ್ಟುವ ಹಾಗೆ, ಅಂಗೈ ತಿರುವಿ ಕೈಯ ಹಿಂಭಾಗದಿಂದ.

“ನಿನ್ನ ಕೈಯಲ್ಲೇ ನೋಡು ತಮ್ಮಾ” ಎಂದರು.

ನೋಡಿದೆ. ಎಡಗಡೆ ಸುಡುತ್ತಿತ್ತು. ಬಲಗಡೆಯ ಕೆಳಭಾಗದಲ್ಲಿ ಒಂದು ಗೇಣಿನಷ್ಟು ಜಾಗ ತಣ್ಣಗಿತ್ತು. ಅಲ್ಲಿಗೆ ನೀರೇ ಹೋಗುತ್ತಿರಲಿಲ್ಲ.

ರೇಡಿಯೇಟರ್ ಇಳಿಸಿ, ಗ್ಯಾಸ್ ಉರಿಯಿಂದ ಬೆಸುಗೆ ಕರಗಿಸಿ ಮೇಲಿನ ಹಿತ್ತಾಳೆಯ ಟ್ಯಾಂಕನ್ನು ಬಿಡಿಸಿದರು. ಮೂರು ಸಾಲು ಟ್ಯೂಬುಗಳ ಬಾಯಿ ಕಂಡಿತು. ಒಂದೊಂದು ಬಾಯಿಯೂ ಅಕ್ಕಿ ಕಾಳು ಉದ್ದುದ್ದ ತೂರುವಷ್ಟೇ ಅಗಲ. ಮುಂದಿನ ಸಾಲಿನಲ್ಲಿ ನಲವತ್ತೆರಡು ಟ್ಯೂಬು, ಅದರಲ್ಲಿ ಹದಿನೇಳರ ಬಾಯಿ ಮುಚ್ಚಿತ್ತು. ನಾನೇ ಎರಡು ಸಲ ಎಣಿಸಿದೆ. ಕೆಲವಕ್ಕೆ ಬಿಳಿ ಸುಣ್ಣ ಕಟ್ಟಿತ್ತು, ಕೆಲವಕ್ಕೆ ತುಕ್ಕಿನ ಕೆಸರು. ಬಲ ಮೂಲೆಯಲ್ಲಿ ಹಳದಿ ಬಣ್ಣದ, ಒಣಗಿದ ಹಿಟ್ಟಿನಂಥ ಗಟ್ಟಿ. ಮೇಸ್ತ್ರಿ ಅದನ್ನು ತಂತಿಯಿಂದ ಕೆದಕಿ, ಮೂಗಿಗೆ ಹಿಡಿದು, ನನ್ನ ಮುಖ ನೋಡಿದರು. ನಾನು ಶಿರಾದ ವಿಷಯ ಹೇಳಿದೆ.

ಸುಣ್ಣಕ್ಕೆ ಮಾತ್ರ ಬೇರೆ ಯಾರನ್ನೂ ಕೇಳಬೇಕಿರಲಿಲ್ಲ. ನಮ್ಮದು ಆರು ನೂರು ಅಡಿ ದಾಟಿದ ಕೊಳವೆಬಾವಿ. ನಮ್ಮ ಜಿಲ್ಲೆಯ ಅಂತರ್ಜಲ ಗಡಸು, ಫ್ಲೋರೈಡೂ ಹೆಚ್ಚು. ಕುಡಿಯುವುದಕ್ಕೆ ಶುದ್ಧ ನೀರಿನ ಘಟಕದಿಂದ ಕ್ಯಾನ್ ತರುತ್ತೇವೆ. ಬಚ್ಚಲ ಹಂಡೆಯ ಒಳಮೈಯಲ್ಲಿ ವರ್ಷಕ್ಕೊಮ್ಮೆ ಬಿಳಿ ಚಕ್ಕೆಯನ್ನು ಉಳಿಯಿಂದ ಎಬ್ಬಿಸುತ್ತೇವೆ. ಅದೇ ನೀರನ್ನು ಹನ್ನೊಂದು ವರ್ಷ ಈ ಎಂಜಿನ್ನಿಗೆ ಕುಡಿಸಿದ್ದೇನೆ. ಬಿಸಿಯಾದಾಗ ನೀರಿನಲ್ಲಿ ಕರಗಿರುವ ಕ್ಯಾಲ್ಸಿಯಂ ಬೇರ್ಪಟ್ಟು ಲೋಹಕ್ಕೆ ಅಂಟಿಕೊಳ್ಳುತ್ತದೆ. ನೀರು ಆವಿಯಾಗಿ ಹೋಗುತ್ತದೆ, ಸುಣ್ಣ ಉಳಿಯುತ್ತದೆ, ಮತ್ತೆ ಒಂದು ಲೀಟರು ಹಾಕುತ್ತೇವೆ, ಮತ್ತಷ್ಟು ಸುಣ್ಣ ಸೇರುತ್ತದೆ. ಹಂಡೆಗೆ ಉಳಿ ಹಿಡಿಯಬಹುದು, ಅಕ್ಕಿ ಕಾಳಿನ ಬಾಯಿಗೆ ಹಿಡಿಯಲಾಗುವುದಿಲ್ಲ.

ತೆಳು ಕಡ್ಡಿ ತೂರಿಸಿ ಟ್ಯೂಬು ಸ್ವಚ್ಛ ಮಾಡುವುದಕ್ಕೆ ರಾಡಿಂಗ್ ಎನ್ನುತ್ತಾರೆ. ಮೊದಲು ಅದನ್ನೇ ಕೇಳಿದೆ, ಖರ್ಚು ಸಾವಿರದ ಐನೂರರೊಳಗೆ. ಮೇಸ್ತ್ರಿ ಉತ್ತರ ಹೇಳದೆ ಟ್ಯೂಬುಗಳ ನಡುವಿನ ತಾಮ್ರದ ರೆಕ್ಕೆಯೊಂದನ್ನು ಎರಡು ಬೆರಳಲ್ಲಿ ಹಿಡಿದು ಒತ್ತಿದರು. ಅದು ಒಣಗಿದ ಎಲೆಯಂತೆ ಪುಡಿಯಾಗಿ ಅವರ ಬೆರಳಿಗೆ ಹಸಿರು ಕಿಲುಬು ಅಂಟಿತು. ರೆಕ್ಕೆ ಟ್ಯೂಬಿಗೆ ಬಿಗಿಯಾಗಿ ಅಂಟಿದ್ದರೆ ಮಾತ್ರ ಶಾಖ ಗಾಳಿಗೆ ಹೋಗುತ್ತದೆ. ಬೆಸುಗೆ ಬಿಟ್ಟ ರೆಕ್ಕೆ ಇದ್ದೂ ಇಲ್ಲದ ಹಾಗೆ. ಕೊಳವೆ ಎಷ್ಟು ತೊಳೆದರೂ ಟ್ಯೂಬು, ರೆಕ್ಕೆ ಸೇರಿದ ಈ ನಡುಭಾಗ, ಅಂದರೆ ಕೋರ್, ತಣಿಸುವುದಿಲ್ಲ ಎಂದು ನನಗೆ ಅಲ್ಲೇ ಮನದಟ್ಟಾಯಿತು.

ಹೊಸದು ತರಲೇಬೇಕು ಎಂದಾದ ಮೇಲೆ ಯಾವುದು ಎಂಬ ಪ್ರಶ್ನೆ. ಎರಡು ದಿನ ಅಂಗಡಿ ಸುತ್ತಿದೆ. ಗುಜರಿಯಲ್ಲಿ ಹಳೆಯದು ಎರಡು ಸಾವಿರಕ್ಕೆ ಸಿಗುತ್ತಿತ್ತು. ಅದು ಯಾರ ಊರಿನ ನೀರು ಕುಡಿದಿದೆಯೋ ಗೊತ್ತಿಲ್ಲದೆ ತರುವುದು ಬೇಡವೆನ್ನಿಸಿ ಬಿಟ್ಟೆ. ಅಲ್ಯೂಮಿನಿಯಂ ಕೋರ್, ಪ್ಲಾಸ್ಟಿಕ್ ಟ್ಯಾಂಕಿನ ಹೊಸ ರೇಡಿಯೇಟರಿಗೆ ನಾಲ್ಕು ಸಾವಿರದ ಇನ್ನೂರು ಹೇಳಿದರು. ನನ್ನ ಹಳೆಯ ಹಿತ್ತಾಳೆ ಟ್ಯಾಂಕುಗಳನ್ನೇ ಉಳಿಸಿಕೊಂಡು ನಡುವೆ ಹೊಸ ತಾಮ್ರದ ಕೋರ್ ಕೂರಿಸಲು ಮೇಸ್ತ್ರಿ ಏಳು ಸಾವಿರದ ಎಂಟು ನೂರು ಕೇಳಿದರು.

ಮಗ ದಾವಣಗೆರೆಯಲ್ಲಿ ಡಿಪ್ಲೊಮಾ ಓದುತ್ತಿದ್ದಾನೆ. ಅವನ ವಾದ ಅಲ್ಯೂಮಿನಿಯಂ ಪರ. “ಅಪ್ಪಾ, ತಾಮ್ರ ಶಾಖವನ್ನು ಚೆನ್ನಾಗಿ ಸಾಗಿಸುತ್ತದೆ, ನಿಜ. ಅದರ ಅಂಕಿ ಸುಮಾರು 400, ಅಲ್ಯೂಮಿನಿಯಂನದು 237. ಆದರೆ ನಿಮ್ಮ ರೇಡಿಯೇಟರಿನಲ್ಲಿ ನೀರು ಹರಿಯುವ ಟ್ಯೂಬು ಹಿತ್ತಾಳೆಯದು, ಅದರ ಅಂಕಿ 120ರ ಆಸುಪಾಸು. ರೆಕ್ಕೆಗೂ ಟ್ಯೂಬಿಗೂ ನಡುವೆ ಸೀಸದ ಬೆಸುಗೆ ಬೇರೆ” ಎಂದ. ಅಲ್ಯೂಮಿನಿಯಂ ಟ್ಯೂಬನ್ನು ಅಗಲವಾಗಿ ಮಾಡಬಹುದು, ಆದ್ದರಿಂದ ಎರಡು ಸಾಲಿನ ಅಗಲ ಟ್ಯೂಬು ತಾಮ್ರದ ಮೂರು ಸಾಲಿಗೆ ಸರಿದೂಗುತ್ತದೆ, ತೂಕವೂ ಕಡಿಮೆ ಎಂದು ಹೇಳಿದ. ಅವನ ಮಾತಿನಲ್ಲಿ ತಪ್ಪಿಲ್ಲ. ಇಂದಿನ ಗಾಡಿಗಳಲ್ಲಿ ಬರುವುದು ಅದೇ, ಚೆನ್ನಾಗಿ ಕೆಲಸವನ್ನೂ ಮಾಡುತ್ತದೆ. ತಾಮ್ರವೆಂದರೆ ಚಿನ್ನ, ಅಲ್ಯೂಮಿನಿಯಂ ಎಂದರೆ ತಗಡು ಎನ್ನುವವರ ಮಾತನ್ನು ನಾನು ಒಪ್ಪುವುದಿಲ್ಲ.

ಆದರೂ ನಾನು ತಾಮ್ರವನ್ನೇ ಆರಿಸಿದೆ. ಕಾರಣ ಲೋಹದ ಗುಣಕ್ಕಿಂತ ನನ್ನ ದಾರಿ. ಪ್ಲಾಸ್ಟಿಕ್ ಟ್ಯಾಂಕನ್ನು ಕೋರಿಗೆ ರಬ್ಬರ್ ಪಟ್ಟಿ ಇಟ್ಟು ಅಂಚು ಮಡಚಿ ಕೂರಿಸಿರುತ್ತಾರೆ. ಟ್ಯಾಂಕು ಸೀಳಿದರೆ ದಾರಿಯಲ್ಲಿ ಅದನ್ನು ಸರಿ ಮಾಡುವವರಿಲ್ಲ. ಹಿತ್ತಾಳೆಯ ಟ್ಯಾಂಕಿಗೆ ಹಿರಿಯೂರಿನಲ್ಲಿ ರಾತ್ರಿ ಹತ್ತಕ್ಕೆ ಬಾಗಿಲು ತಟ್ಟಿದರೂ ಬೆಸುಗೆ ಹಾಕುವ ಕೈ ಸಿಗುತ್ತದೆ. ಇಪ್ಪತ್ತೈದು ಚೀಲ ಹೇರಿಕೊಂಡು ಕತ್ತಲಲ್ಲಿ ಹೋಗುವವನಿಗೆ ಈ ಭರವಸೆಗೆ ಬೆಲೆ ಇದೆ. ನಗರದಲ್ಲಿ ಓಡುವ, ರೇಡಿಯೇಟರಿನ ನೀರಿಗೆ ಬೆರೆಸುವ ಕೂಲೆಂಟ್ ದ್ರವವನ್ನು ತಪ್ಪದೆ ಬದಲಿಸುವ ಗಾಡಿಯವರು ನನ್ನನ್ನು ಕೇಳಿದರೆ ಅಲ್ಯೂಮಿನಿಯಂ ಹಾಕಿಸಿ ಎಂದೇ ಹೇಳುತ್ತೇನೆ.

ಇನ್ನೊಂದು ಕಾರಣ ಅಳತೆ. ಅಂಗಡಿಯೊಂದರಲ್ಲಿ ನನ್ನ ಗಾಡಿಗೇ ಎಂದು ಹೇಳಿ ತೋರಿಸಿದ ರೇಡಿಯೇಟರಿನ ಬ್ರಾಕೆಟ್ ತೂತು ಒಂದು ಬೆರಳು ಆಚೆ ಇತ್ತು, ಕೆಳಗಿನ ನೀರಿನ ಬಾಯಿ ಎಡಕ್ಕೆ ಬದಲಾಗಿ ಬಲಕ್ಕಿತ್ತು. “ತೂತು ಕೊರೆದರಾಯಿತು, ಪೈಪ್ ಬಗ್ಗುತ್ತದೆ” ಎಂದರು. ಒಂದೇ ಹೆಸರಿನ ಪಿಕಪ್ಪಿನಲ್ಲಿ ಟರ್ಬೊ ಇರುವುದು, ಇಲ್ಲದ್ದು, ಬೇರೆ ಬೇರೆ ವರ್ಷದ್ದು ಎಂದು ವ್ಯತ್ಯಾಸವಿರುತ್ತದೆ. ಗಾಡಿಯ ಹೆಸರು ಹೇಳಿ ರೇಡಿಯೇಟರ್ ಕೊಳ್ಳಬಾರದು. ಹಳೆಯದನ್ನು ಇಳಿಸಿ ಜೊತೆಗೆ ಒಯ್ದು ಪಕ್ಕದಲ್ಲಿ ನಿಲ್ಲಿಸಬೇಕು. ಕೋರಿನ ಎತ್ತರ, ಅಗಲ, ದಪ್ಪ, ಎರಡು ಬಾಯಿಗಳ ವ್ಯಾಸ ಮತ್ತು ದಿಕ್ಕು, ಬ್ರಾಕೆಟ್ಟಿನ ತೂತು, ಫ್ಯಾನಿನ ಸುತ್ತ ಬರುವ ತಗಡಿನ ಕವಚ ಕೂರುವ ಜಾಗ, ಇಷ್ಟನ್ನು ಟೇಪು ಹಿಡಿದು ನೋಡಬೇಕು. ಆ ಕವಚವನ್ನು ಎಷ್ಟೋ ಹಳೆಯ ಗಾಡಿಗಳಲ್ಲಿ ಬಿಚ್ಚಿ ಎಸೆದಿರುತ್ತಾರೆ. ಅದಿಲ್ಲದಿದ್ದರೆ ನಿಂತ ಗಾಡಿಯಲ್ಲಿ ಫ್ಯಾನು ಕೋರಿನ ಮೂಲಕ ಗಾಳಿ ಎಳೆಯುವುದರ ಬದಲು ಪಕ್ಕದ ಬಿಸಿ ಗಾಳಿಯನ್ನೇ ತಿರುಗಿಸುತ್ತದೆ. ನನ್ನದು ಇತ್ತು, ಒಂದು ಬೋಲ್ಟ್ ಮಾತ್ರ ಇರಲಿಲ್ಲ.

ಖರ್ಚು ಮಾಡುವುದೇ ಆದರೆ ನಾಲ್ಕು ಸಾಲು ಹಾಕಿಸೋಣ ಎಂದು ನಾನೇ ಆಸೆಪಟ್ಟೆ. ಮೇಸ್ತ್ರಿ ಬೇಡವೆಂದರು. ಗಾಳಿ ಮೊದಲ ಸಾಲಿಗೆ ತಣ್ಣಗೆ ಬಡಿಯುತ್ತದೆ, ಎರಡನೆಯದಕ್ಕೆ ಬೆಚ್ಚಗೆ, ನಾಲ್ಕನೆಯದಕ್ಕೆ ಹೋಗುವಷ್ಟರಲ್ಲಿ ಅದಕ್ಕೆ ತಣಿಸುವ ತ್ರಾಣ ಉಳಿದಿರುವುದಿಲ್ಲ. ಅದೇ ಫ್ಯಾನು ಹೆಚ್ಚು ದಪ್ಪದ ಕೋರಿನಿಂದ ಗಾಳಿ ಎಳೆಯಲು ಕಷ್ಟಪಡುತ್ತದೆ. ಜೊತೆಗೆ ಜಾಗದ ಪ್ರಶ್ನೆ. ಅವರು ಹಸಿ ಜೇಡಿಮಣ್ಣಿನ ಉಂಡೆಯೊಂದನ್ನು ಹಳೆಯ ರೇಡಿಯೇಟರ್ ಕೂರುತ್ತಿದ್ದ ಕಡೆ ಹಲಗೆ ಇಟ್ಟು ಅದಕ್ಕೂ ಫ್ಯಾನಿನ ಎಲೆಗೂ ನಡುವೆ ಒತ್ತಿ, ತೆಗೆದು, ಅಳೆದು ತೋರಿಸಿದರು. ಒಂದೂವರೆ ಇಂಚೂ ಇರಲಿಲ್ಲ. ಎಂಜಿನ್ ತನ್ನ ರಬ್ಬರಿನ ಮೇಲೆ ಕುಣಿಯುತ್ತದೆ, ಗುಂಡಿಗೆ ಬಿದ್ದಾಗ ಮುಂದಕ್ಕೆ ವಾಲುತ್ತದೆ. ಇನ್ನೊಂದು ಸಾಲು ಸೇರಿಸಿದರೆ ಫ್ಯಾನು ಹೊಸ ಕೋರನ್ನು ಕೊರೆಯುವ ದಿನ ದೂರವಿರುವುದಿಲ್ಲ. ಮೂರು ಸಾಲಿಗೇ ಒಪ್ಪಿದೆ.

ರೆಕ್ಕೆಗಳ ನಡುವಿನ ಅಂತರದ ಬಗ್ಗೆ ಮಾತ್ರ ನಾನು ಹಟ ಹಿಡಿದೆ. ದಟ್ಟ ರೆಕ್ಕೆಯ ಕೋರ್ ಶಾಖವನ್ನು ಚೆನ್ನಾಗಿ ಬಿಡುತ್ತದೆ, ಸ್ವಚ್ಛವಾಗಿರುವ ತನಕ. ನಮ್ಮ ಕಡೆ ಮೆಕ್ಕೆಜೋಳ ಒಕ್ಕುವ ದಿನಗಳಲ್ಲಿ ದಾರಿಯೆಲ್ಲ ತೌಡು ಹಾರುತ್ತದೆ, ಹತ್ತಿಯ ಕಾಲದಲ್ಲಿ ಎಳೆ. ಹಳೆಯ ಕೋರನ್ನು ಇಳಿಸಿದಾಗ ಅದರ ಮುಖದ ಮೇಲೆ ತೌಡು, ಹುಳು, ಮಣ್ಣು ಸೇರಿ ಕಂಬಳಿಯಂತೆ ಒಂದು ಪದರ ಇತ್ತು. ತುಸು ಬಿಡಿಯಾದ ರೆಕ್ಕೆಯ ಕೋರ್ ತರಿಸಿ ಎಂದೆ. ಎರಡು ದಿನ ತಡವಾಯಿತು, ತರಿಸಿದರು. ಈಗ ಹದಿನೈದು ದಿನಕ್ಕೊಮ್ಮೆ ಎಂಜಿನ್ ಕಡೆಯಿಂದ ಮುಂದಕ್ಕೆ ನೀರು ಬಿಟ್ಟು ತೊಳೆಯುತ್ತೇನೆ. ಮುಂದಿನಿಂದ ಬಿಟ್ಟರೆ ಕಸ ಇನ್ನೂ ಒಳಗೆ ಸೇರುತ್ತದೆ. ಒತ್ತಡದ ಪೈಪು ಹತ್ತಿರ ಹಿಡಿಯುವುದಿಲ್ಲ, ರೆಕ್ಕೆ ಮಲಗುತ್ತವೆ.

ಬೆಸುಗೆ ಮುಗಿದ ಮೇಲೆ ಎರಡೂ ಬಾಯಿಗೆ ರಬ್ಬರ್ ಬಿರಡೆ ಹಾಕಿ, ಗಾಳಿ ತುಂಬಿ, ಸಿಮೆಂಟಿನ ತೊಟ್ಟಿಯಲ್ಲಿ ಮುಳುಗಿಸಿದರು. ಮೂಲೆಯೊಂದರಿಂದ ಸಾಸಿವೆ ಗಾತ್ರದ ಗುಳ್ಳೆ, ಒಂದು, ಸ್ವಲ್ಪ ತಡೆದು ಇನ್ನೊಂದು. ನನಗೆ ಕಾಣಲೇ ಇಲ್ಲ, ಅವರಿಗೆ ಕಂಡಿತು. ಎತ್ತಿ ಒರೆಸಿ ಮತ್ತೆ ಬೆಸೆದು ಮತ್ತೆ ಮುಳುಗಿಸಿದರು. ಮೂರನೆಯ ಸಲ ನೀರು ಅಲುಗದೆ ನಿಂತಿತು. ಈ ಪರೀಕ್ಷೆಯನ್ನು ಎದುರಿಗೆ ನಿಂತು ನೋಡದೆ ರೇಡಿಯೇಟರನ್ನು ಮನೆಗೆ ತರಬೇಡಿ.

ಹೊಸದನ್ನು ಕೂರಿಸುವ ಮುನ್ನ ಎಂಜಿನ್ನಿನ ಹೊಟ್ಟೆ ತೊಳೆಯಬೇಕು. ಬ್ಲಾಕಿನ ಪಕ್ಕದ ಬಿರಡೆ ತೆಗೆದಾಗ ಮೊದಲು ಏನೂ ಬರಲಿಲ್ಲ, ತಂತಿ ಚುಚ್ಚಿದ ಮೇಲೆ ಕೆಂಪು ಕೆಸರು ಬಳಬಳ ಸುರಿಯಿತು. ಆ ಕೆಸರು ಉಳಿದಿದ್ದರೆ ಹೊಸ ಟ್ಯೂಬುಗಳ ಬಾಯಿಗೇ ಹೋಗಿ ಕೂರುತ್ತಿತ್ತು. ಎಂಜಿನ್ ಬೆಚ್ಚಗಾಗುವ ತನಕ ನೀರನ್ನು ರೇಡಿಯೇಟರಿಗೆ ಬಿಡದ ಥರ್ಮೋಸ್ಟಾಟನ್ನು ಹಿಂದಿನವರು ತೆಗೆದೇ ಬಿಟ್ಟಿದ್ದರು, ಹೊಸದು ಹಾಕಿಸಿದೆ. ಅದನ್ನು ತೆಗೆದರೆ ಗಾಡಿ ತಂಪಾಗಿರುತ್ತದೆ ಎಂಬ ನಂಬಿಕೆ ನಮ್ಮ ಕಡೆ ಬಲವಾಗಿದೆ. ಆದರೆ ಡೀಸೆಲ್ ಎಂಜಿನ್ ಬೆಚ್ಚಗಾಗದೆ ಓಡಿದರೆ ಇಂಧನ ಸರಿಯಾಗಿ ಉರಿಯುವುದಿಲ್ಲ, ಸವಕಳಿಯೂ ಹೆಚ್ಚು. ಮೇಲಿನ ಕೆಳಗಿನ ಹೋಸ್ ಪೈಪು, ಕ್ಲಾಂಪು, ರೇಡಿಯೇಟರ್ ಕೂರುವ ರಬ್ಬರ್ ಬುಷ್ಷು ಎಲ್ಲ ಹೊಸವು. ಬುಷ್ಷು ಸಣ್ಣ ಸಾಮಾನು, ಆದರೆ ಅದು ಸತ್ತಿದ್ದರೆ ಚಾಸಿಯ ತಿರುಚೆಲ್ಲ ಬೆಸುಗೆಯ ಮೇಲೆ ಬೀಳುತ್ತದೆ.

ಮುಚ್ಚಳದ ಬಗ್ಗೆ ಎರಡು ಮಾತು. ಅದು ಕುಕ್ಕರಿನ ತೂಕವಿದ್ದ ಹಾಗೆ. ನಮ್ಮ ದುರ್ಗದ ಎತ್ತರದಲ್ಲಿ ತೆರೆದ ಪಾತ್ರೆಯ ನೀರು 98 ಡಿಗ್ರಿಗೆಲ್ಲ ಕುದಿಯುತ್ತದೆ, ಒತ್ತಡದ ಅಳತೆ 0.9 ಎಂದು ಅಚ್ಚೊತ್ತಿರುವ ಮುಚ್ಚಳ ಸರಿಯಾಗಿ ಕೂತರೆ ಒಳಗಿನ ನೀರು 115 ಡಿಗ್ರಿ ದಾಟುವ ತನಕ ಕುದಿಯುವುದಿಲ್ಲ. ನನ್ನ ಹಳೆಯ ಮುಚ್ಚಳದ ಸ್ಪ್ರಿಂಗ್ ಸಡಿಲವಾಗಿತ್ತು, ದಿನಕ್ಕೊಂದು ಲೀಟರು ಹೋಗುತ್ತಿದ್ದದ್ದು ಬಹುಪಾಲು ಅಲ್ಲಿಂದಲೇ. ಹಾಗೆಂದು ಹೆಚ್ಚಿನ ಒತ್ತಡದ್ದನ್ನು ಹಾಕಿದರೆ ಬೆಸುಗೆ ಬಿಚ್ಚುತ್ತದೆ. ಗಾಡಿಗೆ ಹೇಳಿದ ಸಂಖ್ಯೆಯನ್ನೇ ಹಾಕಬೇಕು. ಬಿಸಿ ಇರುವಾಗ ತೆಗೆಯಲೇಬಾರದು. ನನ್ನ ಎಡ ಮುಂಗೈಯ ಮೇಲೆ ಏಳು ವರ್ಷದ ಹಿಂದಿನ ಸುಟ್ಟ ಗುರುತು ಇನ್ನೂ ಇದೆ. ಬಟ್ಟೆ ಸುತ್ತಿಯೇ ತೆಗೆದಿದ್ದೆ.

ನೀರು ಬದಲಾಯಿತು, ನನ್ನ ಮಟ್ಟಿಗೆ ಇದೇ ದೊಡ್ಡ ಬದಲಾವಣೆ. ಬ್ಯಾಟರಿಗೆ ಹಾಕುವ ಡಿಸ್ಟಿಲ್ಡ್ ವಾಟರ್ ಐದು ಲೀಟರಿನ ಕ್ಯಾನಿನಲ್ಲಿ ಸಿಗುತ್ತದೆ. ಅದಕ್ಕೆ ಸಮನಾಗಿ ಕೂಲೆಂಟ್ ಬೆರೆಸಿ, ಮುಚ್ಚಳ ತೆರೆದಿಟ್ಟು, ಎಂಜಿನ್ ಓಡುತ್ತಿರುವಾಗ ನಿಧಾನವಾಗಿ ತುಂಬಿದೆವು. ಥರ್ಮೋಸ್ಟಾಟ್ ತೆರೆದ ಕೂಡಲೇ ಒಳಗಿನ ಗಾಳಿ ಗುಳುಗುಳು ಎಂದು ಹೊರಬಂದು ಮಟ್ಟ ಇಳಿಯಿತು, ಮತ್ತೆ ತುಂಬಿದೆವು. ಕೂಲೆಂಟ್ ಇರುವುದು ಚಳಿ ದೇಶದಲ್ಲಿ ನೀರು ಹೆಪ್ಪುಗಟ್ಟದಿರಲಿ ಎಂದು, ನಮಗೇಕೆ ಎಂದು ಕೇಳುವವರಿದ್ದಾರೆ. ಅದರಲ್ಲಿ ತುಕ್ಕು ತಡೆಯುವ ಅಂಶವೂ ಇದೆ, ನೀರಿನ ಕುದಿಬಿಂದುವನ್ನೂ ಅದು ಏರಿಸುತ್ತದೆ. ನಮಗೆ ಬೇಕಾದದ್ದು ಅವೆರಡೇ. ಬಣ್ಣ ಒಂದೇ ಎಂದು ಎರಡು ಬಗೆ ಬೆರೆಸಬಾರದು, ಎರಡು ವರ್ಷಕ್ಕೊಮ್ಮೆ ಬದಲಿಸಬೇಕು.

ಕೂಲೆಂಟ್ ವಿಷ ಎಂಬುದನ್ನು ಮರೆಯಬೇಡಿ. ಅದರಲ್ಲಿರುವ ಎಥಿಲೀನ್ ಗ್ಲೈಕಾಲ್ ಸಿಹಿಯಾಗಿರುತ್ತದೆ, ನಾಯಿ ನೆಕ್ಕುತ್ತದೆ, ಕರು ಮೂಸುತ್ತದೆ. ಕಣದಲ್ಲಿ ಚೆಲ್ಲಿದ ನೀರಿಗೆ ನಮ್ಮ ಕರು ಬಾಯಿ ಹಾಕುವುದನ್ನು ದಿನಾ ನೋಡುತ್ತೇನೆ. ಆದ್ದರಿಂದ ಇನ್ನು ಮುಂದೆ ಈ ಕೆಲಸ ಮನೆಯ ಮುಂದೆ ಇಲ್ಲ.

ಹಳೆಯ ಕೋರಿನ ತಾಮ್ರವನ್ನು ಮೇಸ್ತ್ರಿ ತಕ್ಕಡಿಗೆ ಹಾಕಿ ಬಿಲ್ಲಿನಲ್ಲಿ ಕಳೆದರು. ಎಲ್ಲ ಸೇರಿ ಹತ್ತು ಸಾವಿರದ ಒಳಗೆ ಮುಗಿಯಿತು.

ಹೋದ ವಾರ ಮೊದಲ ಲೋಡು ಹೋಯಿತು, ಇಪ್ಪತ್ತಾರು ಚೀಲ. ಭರಮಸಾಗರದಿಂದ ದುರ್ಗಕ್ಕೆ ಏರುವಾಗ ಮುಳ್ಳು ಅರ್ಧಕ್ಕೆ ಬಂದು ನಿಂತಿತು. ಶಿರಾ ದಾಟಿ, ಅರಿಶಿನ ಹಾಕಿದ ಜಾಗದಲ್ಲಿ ಬೇಕೆಂದೇ ನಿಲ್ಲಿಸಿ ಟಾರ್ಚ್ ಹಿಡಿದು ಕೆಳಗೆ ನೋಡಿದೆ. ನೆಲ ಒಣಗಿತ್ತು. ತುಮಕೂರಿನ ಆಚೆ ವಾಹನಗಳ ಸಾಲಿನಲ್ಲಿ ನಲವತ್ತು ನಿಮಿಷ ಸಿಕ್ಕಿಕೊಂಡಾಗಲೂ ಮುಳ್ಳು ಒಂದು ನೂಲು ಮೇಲೇರಿ ಮತ್ತೆ ಇಳಿಯಿತು.

ಸೀಟಿನ ಹಿಂದೆ ಈಗ ಒಂದೇ ಕ್ಯಾನ್ ಇದೆ, ಬೆರೆಸಿಟ್ಟ ಕೂಲೆಂಟಿನದು. ಅದರ ಮೇಲೆ ನನ್ನ ಹೆಂಡತಿ ದಪ್ಪ ಅಕ್ಷರದಲ್ಲಿ “ಕುಡಿಯುವ ನೀರಲ್ಲ” ಎಂದು ಬರೆದು, ಓದಲು ಬಾರದವರಿಗೂ ತಿಳಿಯಲೆಂದು ಕೆಂಪು ಬಟ್ಟೆಯೊಂದನ್ನು ಹಿಡಿಗೆ ಕಟ್ಟಿದ್ದಾಳೆ.